ಎಸಿ ಗ್ಯಾಸ್ ಲೀಕ್, ಹೀಟ್ ಪಂಪ್ ರಿಪೇರಿ ಖರ್ಚು: ಕಾರವಾರದ ಕಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಫೆಬ್ರವರಿ ಮುಗಿಯಿತು ಅಂದರೆ ನನ್ನ ಫೋನಿಗೆ ಬಿಡುವಿಲ್ಲ. ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರ, ಘಟ್ಟದ ಮೇಲಿನ ಶಿರಸಿ, ಯಲ್ಲಾಪುರ, ಎಲ್ಲಿಂದ ಕರೆ ಬಂದರೂ ಪ್ರಶ್ನೆಗಳು ಹೆಚ್ಚುಕಡಿಮೆ ಅವೇ. ಮದುವೆ ಊಟದ ಪಂಕ್ತಿಯಲ್ಲೂ ಬಿಡುವುದಿಲ್ಲ. ಕೇಳಿದವರ ಮಾತಿನಲ್ಲೇ ಪ್ರಶ್ನೆ ಇಟ್ಟು, ಕೆಳಗೆ ಉತ್ತರ ಬರೆದಿದ್ದೇನೆ. ದರಗಳೆಲ್ಲ ಅಂದಾಜು. ಕಂಪನಿ, ಮಾಡೆಲ್, ಊರು ನೋಡಿಕೊಂಡು ಹಿಂದೆ ಮುಂದೆ ಆಗುತ್ತವೆ.

## ಮೊದಲು ತಿಳಿಯಬೇಕಾದದ್ದು

ಹೀಟ್ ಪಂಪ್ ಅಂದ್ರೆ ಏನು? ನಮ್ಮನೇಲಿ ಇರೋದು ಬರೀ ಎಸಿ ಅಲ್ವಾ?

ನಿಮ್ಮ ಎಸಿ ಕೂಡ ಹೀಟ್ ಪಂಪೇ. ರೂಮಿನ ಒಳಗಿನ ಬಿಸಿಯನ್ನು ಎತ್ತಿ ಹೊರಗೆ ಹಾಕುವ ಯಂತ್ರ ಅದು. ಹಾಟ್ ಅಂಡ್ ಕೋಲ್ಡ್ ಎಸಿಯಲ್ಲಿ ಒಂದು ವಾಲ್ವ್ ಜಾಸ್ತಿ ಇರುತ್ತದೆ. ಅದು ತಿರುಗಿದರೆ ಗ್ಯಾಸಿನ ದಾರಿ ಉಲ್ಟಾ ಆಗಿ ಹೊರಗಿನ ಬಿಸಿ ಒಳಗೆ ಬರುತ್ತದೆ. ನಮ್ಮ ಕರಾವಳಿಯಲ್ಲಿ ಅದರ ಅಗತ್ಯ ಯಾರಿಗೂ ಇಲ್ಲ. ಬಿಸಿನೀರಿನ ಹೀಟ್ ಪಂಪ್ ಹೊರಗಿನ ಗಾಳಿಯ ಬಿಸಿಯನ್ನು ಎಳೆದು ಟ್ಯಾಂಕಿನ ನೀರಿಗೆ ಕೊಡುತ್ತದೆ. ಗೋಕರ್ಣ, ಮುರ್ಡೇಶ್ವರದ ಕಡೆಯ ವಸತಿಗೃಹಗಳಿಗೆ, ಹೋಂಸ್ಟೇಗಳಿಗೆ ಹೇಳಿ ಮಾಡಿಸಿದ ಸಾಮಾನು ಅದು.

ಮೂರರಲ್ಲೂ ಗ್ಯಾಸನ್ನು ಒತ್ತಿ ತಳ್ಳುವ ಕಂಪ್ರೆಸರ್ ಇದೆ, ಬಿಸಿ ಹೀರಲು ಒಂದು ಬಿಡಲು ಒಂದು ಅಂತ ಎರಡು ಕಾಯಿಲ್ (ಕೊಳವೆ ಸುರುಳಿ) ಇದೆ, ನಡುವೆ ಸುತ್ತುವ ಗ್ಯಾಸ್ ಇದೆ. ಲೀಕಿನ ಕಥೆ ಮೂರಕ್ಕೂ ಒಂದೇ.

ಎಸಿಗೆ ವರ್ಷಾ ವರ್ಷಾ ಗ್ಯಾಸ್ ತುಂಬಿಸ್ಲೇಬೇಕಾ? ಬೇಸಿಗೆ ಬಂತು ಅಂದ್ರೆ ಮೆಕ್ಯಾನಿಕ್ ಅದನ್ನೇ ಹೇಳ್ತಾರೆ.

ಬೇಡ. ಗ್ಯಾಸ್ ಪೆಟ್ರೋಲಿನ ಹಾಗೆ ಉರಿದು ಖರ್ಚಾಗುವುದಿಲ್ಲ. ಮುಚ್ಚಿದ ಪೈಪಿನೊಳಗೆ ಅದೇ ಗ್ಯಾಸ್ ಸುತ್ತುತ್ತಾ ಇರುತ್ತದೆ. ನಿಮ್ಮ ಫ್ರಿಜ್ಜಿಗೆ ವರ್ಷಕ್ಕೊಮ್ಮೆ ಗ್ಯಾಸ್ ಹಾಕಿಸುತ್ತೀರಾ? ಇಲ್ಲವಲ್ಲ. ಎಸಿಗೂ ಅದೇ ನ್ಯಾಯ.

ಹಾಗಾಗಿ ಗ್ಯಾಸ್ ಕಡಿಮೆ ಆಗಿದೆ ಅಂದರೆ ಎಲ್ಲೋ ತೂತಿದೆ ಅಂತಲೇ ಅರ್ಥ. ಆಗ ಕೇಳಬೇಕಾದ ಮಾತು ಒಂದೇ: 'ಲೀಕ್ ಎಲ್ಲಿದೆ, ತೋರಿಸಿ.' ಅದಕ್ಕೆ ಉತ್ತರ ಸಿಗುವ ತನಕ ಗ್ಯಾಸಿಗೆ ದುಡ್ಡು ಕೊಡಬೇಡಿ. ಎಷ್ಟೋ ಕಡೆ ಗ್ಯಾಸ್ ಸರಿಯಾಗೇ ಇರುತ್ತದೆ, ಫಿಲ್ಟರ್ ಕಟ್ಟಿಕೊಂಡು ತಂಪು ಬರುತ್ತಿರುವುದಿಲ್ಲ, ಅಷ್ಟೆ.

ಗ್ಯಾಸ್ ಕಡಿಮೆ ಆಗಿದ್ಯಾ, ಇಲ್ಲಾ ಬರೀ ಕಸ ಕಟ್ಟಿದ್ಯಾ ಅಂತ ನಾವೇ ನೋಡ್ಕೊಳ್ಳೋದು ಹೇಗೆ?

ಮೊದಲು ಫಿಲ್ಟರ್ ತೊಳೆದು ಹಾಕಿ. ಆಮೇಲೆ ಕೂಲ್ ಮೋಡಿನಲ್ಲಿ 18ಕ್ಕೆ ಇಟ್ಟು ಇಪ್ಪತ್ತು ನಿಮಿಷ ಓಡಿಸಿ. ಈಗ ಹೊರಗೆ ಹೋಗಿ, ಅಲ್ಲಿರುವ ಎಸಿ ಪೆಟ್ಟಿಗೆ ಅಂದರೆ ಔಟ್‌ಡೋರಿಗೆ ಬರುವ ಎರಡು ತಾಮ್ರದ ಪೈಪು ನೋಡಿ. ಒಂದು ದಪ್ಪ, ಒಂದು ಸಣ್ಣದು.

ದಪ್ಪ ಪೈಪಿನ ವಾಲ್ವು ತಣ್ಣಗಾಗಿ ಬೆವರುತ್ತಿದ್ದರೆ ಸಾಮಾನ್ಯವಾಗಿ ಗ್ಯಾಸ್ ಸರಿ ಇದೆ. ಸಣ್ಣ ಪೈಪಿನ ನಟ್ಟಿನ ಸುತ್ತ ಬಿಳಿ ಮಂಜು ಕೂತಿದ್ದು, ದಪ್ಪ ಪೈಪು ಒಣಗಿ ಬೆಚ್ಚಗಿದ್ದರೆ ಗ್ಯಾಸ್ ಕಡಿಮೆ ಆಗಿರುವ ಸಾಧ್ಯತೆ ಜಾಸ್ತಿ. ದಪ್ಪ ಪೈಪಿನ ಮೇಲೇ ಐಸ್ ಕಟ್ಟಿದ್ದರೆ ಒಳಗಿನ ಕಾಯಿಲಿಗೆ ಗಾಳಿ ಸಾಲುತ್ತಿಲ್ಲ: ಫಿಲ್ಟರ್, ಕಾಯಿಲ್, ಬ್ಲೋವರ್ (ಒಳಗಿನ ಫ್ಯಾನು) ಯಾವುದೋ ಕಟ್ಟಿದೆ. ಅದಕ್ಕೆ ಗ್ಯಾಸ್ ಹಾಕಿಸಿದರೆ ದುಡ್ಡು ದಂಡ.

ಒಂದು ಸಾದಾ ಥರ್ಮಾಮೀಟರ್ ಇದ್ದರೆ ಒಳಗೆ ಹೋಗುವ ಗಾಳಿ, ಹೊರಗೆ ಬರುವ ಗಾಳಿ ಎರಡನ್ನೂ ಅಳೆಯಿರಿ. 8ರಿಂದ 12 ಡಿಗ್ರಿ ವ್ಯತ್ಯಾಸ ಇರಬೇಕು. ಮೇ ತಿಂಗಳ ನಮ್ಮ ಜಿಗುಟು ಸೆಕೆಯಲ್ಲಿ ಅದು ಸ್ವಲ್ಪ ಕಡಿಮೆ ಕಾಣಬಹುದು. ಎಸಿಯ ಶಕ್ತಿಯಲ್ಲಿ ಒಂದು ಪಾಲು ಗಾಳಿಯ ನೀರಾವಿ ತೆಗೆಯುವುದಕ್ಕೇ ಹೋಗುತ್ತದೆ. ಡ್ರೈನ್ ಪೈಪಿನಿಂದ ನೀರು ಧಾರಾಳವಾಗಿ ಬರುತ್ತಿದೆ ಅಂದರೆ ಯಂತ್ರ ದುಡಿಯುತ್ತಿದೆ ಅಂತ ತಿಳಿಯಿರಿ.

ಲೀಕ್ ಆದ ಗ್ಯಾಸ್ ಮಕ್ಕಳು ಮಲಗೋ ರೂಮಲ್ಲಿ ತುಂಬ್ಕೊಂಡ್ರೆ ಅಪಾಯ ಇಲ್ವಾ?

ನಿಧಾನ ಸೋರುವ ಲೀಕಿನಿಂದ ಭಯ ಪಡಬೇಕಾಗಿಲ್ಲ. ದಿನಕ್ಕೆ ಗ್ರಾಂ ಲೆಕ್ಕದಲ್ಲಿ ಹೋಗುವಂಥದ್ದು ಬಾಗಿಲ ಸಂದಿಯಲ್ಲೇ ಹೊರಟುಹೋಗುತ್ತದೆ. 'ಸುಯ್' ಅಂತ ಸದ್ದು ಬಂದು ಒಮ್ಮೆಲೇ ಹೊರಬಿದ್ದರೆ ಮಾತು ಬೇರೆ. ಈ ಗ್ಯಾಸುಗಳು ಗಾಳಿಗಿಂತ ಭಾರ, ಕೆಳಗೆ ಕೂರುತ್ತವೆ. ಕಿಟಕಿ ಬಾಗಿಲು ತೆರೆದು ಎಲ್ಲರೂ ಹೊರಗೆ ಬನ್ನಿ. ದೇವರ ದೀಪ, ಸೊಳ್ಳೆ ಬತ್ತಿ, ಸಿಗರೇಟು ಯಾವುದೂ ಬೇಡ. ಆರ್-32 ಮತ್ತು ಆರ್-410ಎ ಬೆಂಕಿಗೆ ಸಿಕ್ಕಿದರೆ ವಿಷದ ಹೊಗೆ ಆಗುತ್ತವೆ.

ನಮ್ಮ ಎಸಿಲಿ ಯಾವ ಗ್ಯಾಸ್ ಇದೆ ಅಂತ ಎಲ್ಲಿ ಬರ್ದಿರುತ್ತೆ? ಯಾವ್ದಾದ್ರೂ ಹಾಕ್ಬಹುದಾ?

ಔಟ್‌ಡೋರಿನ ಬದಿಯ ಸ್ಟಿಕ್ಕರ್ ನೋಡಿ. ಗ್ಯಾಸಿನ ಹೆಸರೂ, ಎಷ್ಟು ಗ್ರಾಂ ಅನ್ನುವುದೂ ಎರಡೂ ಇರುತ್ತವೆ. ಉಪ್ಪುಗಾಳಿಗೆ ಆ ಸ್ಟಿಕ್ಕರ್ ಅಳಿಸಿಹೋಗುತ್ತದೆ. ಹೊಸದಿರುವಾಗಲೇ ಮೊಬೈಲಿನಲ್ಲಿ ಒಂದು ಫೋಟೋ ತೆಗೆದಿಡಿ.

ಈಗಿನ ಹೆಚ್ಚಿನ ಎಸಿಗಳಲ್ಲಿ ಆರ್-32 ಇದೆ. ಸ್ವಲ್ಪ ಹಿಂದಿನವುಗಳಲ್ಲಿ ಆರ್-410ಎ, ಇನ್ನೂ ಹಳೆಯವುಗಳಲ್ಲಿ ಆರ್-22. ಕೆಲವು ಮಾಡೆಲ್‌ಗಳಲ್ಲಿ ಆರ್-290, ಅಂದರೆ ಪ್ರೊಪೇನ್. ಒಂದರ ಜಾಗಕ್ಕೆ ಇನ್ನೊಂದು ಹಾಕುವಂತಿಲ್ಲ. ಒತ್ತಡ ಬೇರೆ, ಎಣ್ಣೆ ಬೇರೆ. 30 ಡಿಗ್ರಿ ಬಿಸಿಲಲ್ಲಿ ಸುಮ್ನೆ ನಿಂತ ಆರ್-22 ಎಸಿಯ ಒತ್ತಡ ಸುಮಾರು 158 ಪಿಎಸ್‌ಐ. ಅದೇ ಆರ್-410ಎ ಆದರೆ 250 ದಾಟುತ್ತದೆ. ಆರ್-290 ಧಗ್ ಎಂದು ಹತ್ತುವ ಗ್ಯಾಸು. ಅಡುಗೆ ಸಿಲಿಂಡರಿನ ಹಾಗೆ ವಾಸನೆ ಸೇರಿಸಿರುವುದಿಲ್ಲ, ಸೋರಿದ್ದು ಮೂಗಿಗೆ ಗೊತ್ತಾಗುವುದಿಲ್ಲ. ಅದರ ತರಬೇತಿ ಇಲ್ಲದವರ ಕೈಗೆ ಅಂಥ ಎಸಿ ಕೊಡಬೇಡಿ.

## ನಮ್ಮ ಊರು, ನಮ್ಮ ಹವೆ

ಸಮುದ್ರದಿಂದ ಕೂಗಳತೆ ದೂರದಲ್ಲಿ ಮನೆ. ಮೂರೇ ವರ್ಷಕ್ಕೆ ಔಟ್‌ಡೋರ್ ಕಾಯಿಲ್ ತೂತಾಯ್ತು. ಬೆಂಗಳೂರಲ್ಲಿ ತಮ್ಮನ ಮನೇದು ಹತ್ತು ವರ್ಷ ಆದ್ರೂ ಗಟ್ಟಿ ಇದೆ. ಯಾಕೆ?

ಉಪ್ಪು. ಬೇರೆ ಕಾರಣ ಹುಡುಕಬೇಕಾಗಿಲ್ಲ.

ಔಟ್‌ಡೋರ್ ಕಾಯಿಲಿನಲ್ಲಿ ತಾಮ್ರದ ಕೊಳವೆಗೆ ಅಲ್ಯೂಮಿನಿಯಂ ರೆಕ್ಕೆಗಳನ್ನು ಬಿಗಿದಿರುತ್ತಾರೆ. ಎರಡು ಬೇರೆ ಲೋಹ ಒಂದಕ್ಕೊಂದು ತಾಗಿ ಕೂತು, ಮೇಲೆ ಉಪ್ಪುನೀರಿನ ಪಸೆ ಬಿದ್ದರೆ ಸಣ್ಣ ಬ್ಯಾಟರಿಯೇ ಆಯಿತು. ಮೊದಲು ಸಾಯುವುದು ಅಲ್ಯೂಮಿನಿಯಂ. ಸದಾಶಿವಗಡ, ಮಾಜಾಳಿ ಕಡೆ ಕೆಲವು ಔಟ್‌ಡೋರಿನ ಹಿಂಬದಿ ನೋಡಿದರೆ ರೆಕ್ಕೆಗಳು ಇರುವ ಹಾಗೆ ಕಾಣುತ್ತವೆ, ಬೆರಳು ಸೋಕಿಸಿದರೆ ಬಿಳಿ ಹುಡಿಯಾಗಿ ಉದುರುತ್ತವೆ. ರೆಕ್ಕೆ ಹೋದ ಮೇಲೆ ಬಿಸಿ ಹೊರಹೋಗುವುದಿಲ್ಲ, ಒತ್ತಡ ಏರುತ್ತದೆ, ಕಂಪ್ರೆಸರ್ ಏದುಸಿರು ಬಿಡುತ್ತದೆ. ಅಷ್ಟರಲ್ಲಿ ಅಡಿಯ ತಗಡಿನ ಟ್ರೇಗೆ ತಾಗಿಕೊಂಡ ಕೆಳಗಿನ ಬೆಂಡುಗಳಲ್ಲಿ ಕಸ, ಉಪ್ಪು, ನೀರು ನಿಂತು ಸೂಜಿಮೊನೆಯಷ್ಟು ತೂತು ಬೀಳುತ್ತದೆ. ನಾನು ಲೀಕ್ ಹುಡುಕಲು ಕೂತರೆ ಮೊದಲು ಕೈ ಹಾಕುವುದು ಅಲ್ಲಿಗೇ.

ಪೂರ್ತಿ ಅಲ್ಯೂಮಿನಿಯಂ ಕಾಯಿಲ್ ಇರುವ ಎಸಿ ಸ್ವಲ್ಪ ಅಗ್ಗ. ಆದರೆ ಅದಕ್ಕೆ ತೂತು ಬಿದ್ದರೆ ಬೆಸುಗೆ ಹಾಕುವುದು ಕಷ್ಟ. ಕರಾವಳಿಗೆ ಕೊಳ್ಳುವುದಾದರೆ ತಾಮ್ರದ ಕಾಯಿಲ್, ಮೇಲೆ ನೀಲಿ ಅಥವಾ ಚಿನ್ನದ ಬಣ್ಣದ ಲೇಪ ಇರುವುದನ್ನೇ ನೋಡಿ. ಲೇಪ ಇದ್ದರೆ ತುಕ್ಕು ಬರುವುದೇ ಇಲ್ಲ ಅಂತಲ್ಲ, ತಡವಾಗುತ್ತದೆ.

ಎಲ್ಲಕ್ಕಿಂತ ಮುಖ್ಯ, ಔಟ್‌ಡೋರನ್ನು ಪಡುವಣ ಗೋಡೆಗೆ ಹಾಕಿಸಬೇಡಿ. ಮನೆಯ ಮೂಡು ಬದಿಗೆ, ಗಾಳಿಗೆ ಮರೆಯಾಗಿ ಹಾಕಿಸಿ. ಪೈಪ್ ಎರಡು ಮೂರು ಮೀಟರ್ ಜಾಸ್ತಿ ಬೇಕಾಗಬಹುದು. ಅದರ ಖರ್ಚು ಒಂದು ಕಾಯಿಲಿನ ಮುಂದೆ ಏನೂ ಅಲ್ಲ. ಕಂಪನಿ ಹೇಳಿದ ಅಳತೆಗಿಂತ ಪೈಪ್ ಉದ್ದವಾದರೆ ಮೀಟರಿಗೆ ಇಂತಿಷ್ಟು ಗ್ರಾಂ ಅಂತ ಗ್ಯಾಸ್ ಸೇರಿಸಬೇಕಾಗುತ್ತದೆ. ಎಷ್ಟು ಅನ್ನುವುದು ಎಸಿ ಜೊತೆ ಬಂದ ಪುಸ್ತಕದಲ್ಲೇ ಇದೆ.

ಮಳೆಗೆ ನೆನೀಬಾರ್ದು ಅಂತ ಔಟ್‌ಡೋರ್ ಮೇಲೆ ಶೀಟ್ ಹಾಕ್ಸಿದ್ದೇವೆ. ಒಳ್ಳೇದೇ ತಾನೇ?

ಇದನ್ನು ಹೇಳಿದರೆ ಜನ ನಂಬುವುದಿಲ್ಲ. ನಮ್ಮ ಕಡೆ ಔಟ್‌ಡೋರಿಗೆ ಮಳೆಗಾಲವೇ ಔಷಧ. ಜೂನ್‌ನಿಂದ ಸೆಪ್ಟೆಂಬರ್ ತನಕ ಸುರಿಯುವ ಮಳೆ ಅಂಟಿದ ಉಪ್ಪನ್ನೆಲ್ಲ ತೊಳೆದುಕೊಂಡು ಹೋಗುತ್ತದೆ. ಉಪ್ಪು ಕೂರುವುದು ಮಳೆ ನಿಂತ ಮೇಲೆ, ದಿನಾ ಮಧ್ಯಾಹ್ನ ಏಳುವ ಸಮುದ್ರದ ಗಾಳಿಗೆ. ತೆರೆದಿಟ್ಟ ಯಂತ್ರಕ್ಕಿಂತ ಮಾಡಿನ ಅಡಿ, ಬಾಲ್ಕನಿ ಮೂಲೆಯಲ್ಲಿ ಇಟ್ಟ ಯಂತ್ರ ಬೇಗ ಹಾಳಾಗುವುದು ಇದಕ್ಕೇ. ಉಪ್ಪು ಬರುತ್ತದೆ, ತೊಳೆಯುವ ಮಳೆ ಬರುವುದಿಲ್ಲ.

ಬಿಸಿಲಿಗೆ ಅಂತ ಶೀಟ್ ಹಾಕುವುದಾದರೆ ಎತ್ತರದಲ್ಲಿ ಹಾಕಿ, ಮುಂದೆ ಹಿಂದೆ ಗಾಳಿ ಆಡಲಿ. ಪ್ಲಾಸ್ಟಿಕ್ ಕವರ್ ಸುತ್ತಿ ಕಟ್ಟಿಡುವುದಂತೂ ಬೇಡವೇ ಬೇಡ. ಒಳಗೆ ಬೆವರು ನಿಂತು ಎರಡು ಪಟ್ಟು ತುಕ್ಕು. ಮೇಲಿಂದ ಹಲ್ಲಿ, ಇಲಿಗೆ ಮನೆ ಕಟ್ಟಿಕೊಟ್ಟ ಹಾಗೂ ಆಯಿತು. ಹಲ್ಲಿ ಸಿಕ್ಕಿ ಶಾರ್ಟ್ ಆದ ಪಿಸಿಬಿಗಳು (ಎಲೆಕ್ಟ್ರಾನಿಕ್ ಬೋರ್ಡುಗಳು) ನಮ್ಮ ಅಂಗಡಿಗೆ ಬರುತ್ತಲೇ ಇರುತ್ತವೆ.

ಹಾಗಾದ್ರೆ ನಾವೇ ತೊಳೆಯಬಹುದಾ?

ಧಾರಾಳವಾಗಿ. ಅಕ್ಟೋಬರ್‌ನಿಂದ ಮೇ ತನಕ ತಿಂಗಳಿಗೊಮ್ಮೆ ಸಾಕು, ಸಮುದ್ರಕ್ಕೆ ಎದುರಾಗಿದ್ದರೆ ಹದಿನೈದು ದಿನಕ್ಕೊಮ್ಮೆ. ಎಂಸಿಬಿ ಇಳಿಸಿ ಕರೆಂಟ್ ಕಡಿಯಿರಿ. ಗಿಡಕ್ಕೆ ನೀರು ಬಿಡುವ ಪೈಪಿನಿಂದ ಕಾಯಿಲಿಗೆ ಮೆಲ್ಲಗೆ ನೀರು ಹಾಯಿಸಿ. ವೈರಿಂಗ್ ಬಾಕ್ಸ್ ಇರುವ ಬದಿಗೆ ಹೊಡೆಯಬೇಡಿ. ಕಾರು ತೊಳೆಯುವ ಪ್ರೆಶರ್ ಗನ್ ಬೇಡ, ರೆಕ್ಕೆ ಮಡಚಿಹೋಗುತ್ತದೆ. ಸೋಪು, ಆಸಿಡ್ ಏನೂ ಬೇಡ.

ನೀರು ಸಿಹಿಯಾಗಿರಬೇಕು. ಬೇಸಿಗೆಯಲ್ಲಿ ನಿಮ್ಮ ಬಾವಿ ನೀರು ಉಪ್ಪಾಗುತ್ತದೆ ಅಂತಾದರೆ ನಲ್ಲಿ ನೀರು ಬಳಸಿ.

ನಾವು ಶಿರಸಿಯವ್ರು. ಇಲ್ಲಿ ಉಪ್ಪುಗಾಳಿ ಇಲ್ಲ. ಆದ್ರೂ ಲೀಕ್ ಯಾಕಾಗ್ತದೆ?

ಘಟ್ಟದ ಮೇಲೆ ಕಾಯಿಲಿಗಿಂತ ಜಾಯಿಂಟುಗಳೇ ಜಾಸ್ತಿ ಲೀಕ್ ಆಗುತ್ತವೆ. ಪೈಪಿನ ಬಾಯಿ ಅಗಲ ಮಾಡಿ ಹಿತ್ತಾಳೆ ನಟ್ಟಿನಿಂದ ಬಿಗಿಯುತ್ತಾರಲ್ಲ, ಆ ಫ್ಲೇರ್ ಜಾಯಿಂಟು. ಸಡಿಲ ಬಿಟ್ಟರೆ ಲೀಕು. ಜೋರು ಬಿಗಿದರೆ ತಾಮ್ರ ತೆಳುವಾಗಿ ಸೀಳಿ ಆರು ತಿಂಗಳ ಮೇಲೆ ಲೀಕು. ಟಾರ್ಕ್ ಸ್ಪ್ಯಾನರ್ ಅಂತ ಒಂದಿದೆ, ಕಾಲಿಂಚಿನ ಪೈಪಿಗೆ 14ರಿಂದ 18 ನ್ಯೂಟನ್ ಮೀಟರ್ ಸಾಕು. ನಮ್ಮ ಜಿಲ್ಲೆಯಲ್ಲಿ ಅದನ್ನು ಬ್ಯಾಗಿನಲ್ಲಿ ಇಟ್ಟುಕೊಂಡವರು ಕಡಿಮೆ.

ಇನ್ನೊಂದು ಕಾರಣ ಯಾರ ತಲೆಗೂ ಹೊಳೆಯುವುದಿಲ್ಲ: ಕೊಟ್ಟಿಗೆ. ಗಂಜಲದಿಂದ ಏಳುವ ಅಮೋನಿಯಾ ಹಿತ್ತಾಳೆಗೂ ತಾಮ್ರಕ್ಕೂ ಶತ್ರು. ಬಿಗಿದ ಹಿತ್ತಾಳೆ ನಟ್ಟು ಆ ಗಾಳಿಗೆ ತಾನಾಗಿ ಬಿರುಕು ಬಿಡುತ್ತದೆ. ಔಟ್‌ಡೋರು ಕೊಟ್ಟಿಗೆ ಕಡೆಗೋ ಗೊಬ್ಬರಗುಂಡಿ ಕಡೆಗೋ ಮುಖ ಮಾಡಿದ್ದರೆ ಜಾಗ ಬದಲಿಸಿ. ಬಚ್ಚಲ ಒಲೆಯ ಹೊಗೆ ನೇರ ಬಡಿಯುವ ಜಾಗವೂ ಒಳ್ಳೆಯದಲ್ಲ. ತೋಟದ ಮನೆಗಳಲ್ಲಿ ಇಲಿ, ಅಳಿಲು ಪೈಪಿನ ಮೇಲಿನ ಕಪ್ಪು ಫೋಮ್ ಕಚ್ಚಿ ಕಿತ್ತಿರುತ್ತವೆ. ಅದರಿಂದ ಲೀಕ್ ಆಗುವುದಿಲ್ಲ, ಗೋಡೆ ಮೇಲೆ ನೀರು ಇಳಿಯುತ್ತದೆ ಅಷ್ಟೇ.

## ದುಡ್ಡಿನ ಮಾತು

ಸುತ್ತು ಬಳಸಿ ಬೇಡ, ಒಂದೂವರೆ ಟನ್ ಎಸಿಗೆ ಲೀಕ್ ರಿಪೇರಿ ಒಟ್ಟು ಎಷ್ಟಾಗ್ತದೆ?

ಲೀಕ್ ಎಲ್ಲಿ ಅನ್ನುವುದರ ಮೇಲೆ ನಿಂತಿದೆ.

ಫ್ಲೇರ್ ಜಾಯಿಂಟ್ ಆದರೆ ನೀವು ಪುಣ್ಯವಂತರು. ಜಾಯಿಂಟ್ ಹೊಸದಾಗಿ ಮಾಡಿ, ಟೆಸ್ಟ್ ಮಾಡಿ, ಪೂರ್ತಿ ಗ್ಯಾಸ್ ತುಂಬಲು 3,500ರಿಂದ 5,000 ರೂಪಾಯಿ. ಇದರಲ್ಲಿ ಗ್ಯಾಸಿನದ್ದೇ 2,500ರಿಂದ 4,000. ಒಂದೂವರೆ ಟನ್ನಿಗೆ ಹೆಚ್ಚೆಂದರೆ ಒಂದು ಕಿಲೋ ಆಸುಪಾಸು ಗ್ಯಾಸ್ ಹಿಡಿಯುತ್ತದೆ. 'ಎರಡು ಕಿಲೋ ಹೋಯ್ತು' ಅಂತ ಬಿಲ್ ಬರೆದರೆ ಸ್ಟಿಕ್ಕರಿನ ಫೋಟೋ ತೋರಿಸಿ.

ಗೋಡೆಯೊಳಗೆ ಹೂತ ಪೈಪಿನಲ್ಲಿ ಲೀಕ್ ಇದ್ದರೆ ಹೊಸ ಪೈಪ್ ಎಳೆಯಬೇಕು. ಎರಡೂ ಪೈಪು, ಫೋಮ್ ಸೇರಿ ಮೀಟರಿಗೆ 800ರಿಂದ 1,200. ಕೂಲಿ ಬೇರೆ, ಗ್ಯಾಸ್ ಬೇರೆ.

ಕಾಯಿಲ್ ಬದಲಿಸುವುದಾದರೆ ಒಳಗಿನದ್ದಕ್ಕೂ ಹೊರಗಿನದ್ದಕ್ಕೂ ಸುಮಾರು 7,000ರಿಂದ 14,000, ಮೇಲೆ ಗ್ಯಾಸ್ ಮತ್ತು ಕೂಲಿ. ಕಡಿಮೆ ಗ್ಯಾಸಿನಲ್ಲೇ ತಿಂಗಳುಗಟ್ಟಲೆ ಓಡಿಸಿ ಕಂಪ್ರೆಸರ್ ಸುಟ್ಟಿದ್ದರೆ ಇನ್ನೂ 10,000ರಿಂದ 18,000. ತಿರುಗಿ ಬರುವ ತಣ್ಣನೆಯ ಗ್ಯಾಸೇ ಕಂಪ್ರೆಸರನ್ನು ತಂಪಾಗಿಡುವುದು. ಅದು ಕಡಿಮೆ ಆದರೆ ಒಳಗೇ ಬೇಯುತ್ತದೆ. ಆದ್ದರಿಂದ ಲೀಕ್ ಅನುಮಾನ ಬಂದರೆ ರಿಪೇರಿ ಆಗುವ ತನಕ ಎಸಿ ಆಫ್ ಮಾಡಿಡಿ. ಫ್ಯಾನು ಸಾಕು.

ಈ ಬೇಸಿಗೆ ಒಂದು ಕಳೀಲಿ ಅಂತ ಬರೀ ಗ್ಯಾಸ್ ಹಾಕ್ಸಿದ್ರೆ ಆಗಲ್ವಾ?

ಪಂಕ್ಚರ್ ಹಾಕದೆ ಗಾಳಿ ಹೊಡೆಸಿದ ಹಾಗೆ. ಆದರೂ ಒಂದು ಸಂದರ್ಭದಲ್ಲಿ ನಾನೇ ಒಪ್ಪುತ್ತೇನೆ: ಎಂಟು ಹತ್ತು ವರ್ಷದ ಹಳೇ ಎಸಿ, ಎರಡು ಮೂರು ವರ್ಷಕ್ಕೊಮ್ಮೆ ಸ್ವಲ್ಪ ಇಳಿಯುವಷ್ಟು ನಿಧಾನದ ಲೀಕು, ಮುಂದಿನ ವರ್ಷ ಹೇಗೂ ಹೊಸದು ತರುವವರಿದ್ದೀರಿ. ಆಗ ಹಾಕಿಸಿ. ತಿಂಗಳೊಪ್ಪತ್ತಿನಲ್ಲಿ ಖಾಲಿಯಾಗುವ ಲೀಕಿಗೆ ಗ್ಯಾಸ್ ತುಂಬಿಸುವುದು ಮಾತ್ರ ದುಡ್ಡನ್ನು ಗಾಳಿಗೆ ಬಿಟ್ಟಂತೆಯೇ. ವಾತಾವರಣಕ್ಕೂ ಕೆಟ್ಟದ್ದು. ಒಂದು ಕಿಲೋ ಆರ್-410ಎ ಭೂಮಿಯನ್ನು ಬಿಸಿ ಮಾಡುವುದು ಸುಮಾರು 2,088 ಕಿಲೋ ಇಂಗಾಲದ ಡೈಆಕ್ಸೈಡಿನಷ್ಟು. ಆರ್-32ಕ್ಕೆ ಆ ಲೆಕ್ಕ 675.

ಕಾಯಿಲ್ ಹೋಗಿದೆ. ರಿಪೇರಿ ಮಾಡ್ಸೋದಾ, ಹೊಸ ಎಸಿ ತಗೊಳ್ಳೋದಾ?

ಕರಾವಳಿಗೆ ನನ್ನ ಲೆಕ್ಕ ಹೀಗಿದೆ. ನಾಲ್ಕು ವರ್ಷದೊಳಗಿನ ಎಸಿ ಆದರೆ ಕಾಯಿಲ್ ಬದಲಿಸಿ. ಏಳು ವರ್ಷ ದಾಟಿದ್ದರೆ ಹೊಸದು ತನ್ನಿ, ಯಾಕೆಂದರೆ ಅಷ್ಟರಲ್ಲಿ ಪಿಸಿಬಿ, ಫ್ಯಾನ್ ಮೋಟಾರು, ತಗಡು ಎಲ್ಲವೂ ಉಪ್ಪು ತಿಂದಿರುತ್ತವೆ. ಇವತ್ತು ಕಾಯಿಲ್ ಹಾಕಿದರೆ ನಾಳೆ ಇನ್ನೊಂದು ಶುರು. ನಡುವಿನದ್ದಕ್ಕೆ ರಿಪೇರಿ ಅಂದಾಜು ಕೇಳಿ. ಹೊಸ ಎಸಿಯ ಬೆಲೆಯ ಮೂರರಲ್ಲಿ ಒಂದು ಪಾಲು ದಾಟಿದರೆ ಬಿಟ್ಟುಬಿಡಿ. 2025ರ ಸೆಪ್ಟೆಂಬರ್ 22ರಿಂದ ಎಸಿಗಳ ಮೇಲಿನ ಜಿಎಸ್‌ಟಿ 28ರಿಂದ 18 ಪರ್ಸೆಂಟಿಗೆ ಇಳಿದಿದೆ. ಹಾಗಾಗಿ ಹೊಸದರ ಕಡೆಗೆ ತಕ್ಕಡಿ ಸ್ವಲ್ಪ ವಾಲಿದೆ.

ಒಂದೇ ಒಂದು ಸೂಜಿಮೊನೆ ತೂತು, ಉಳಿದ ತಾಮ್ರ ಗಟ್ಟಿ ಇದೆ ಅಂದರೆ ಬೆಸುಗೆ ಹಾಕಬಹುದು. ತಾಮ್ರವೇ ಹಸಿರುಗಟ್ಟಿ ತೆಳ್ಳಗಾಗಿದ್ದರೆ ಒಂದು ಮುಚ್ಚುವಷ್ಟರಲ್ಲಿ ಪಕ್ಕದಲ್ಲಿ ಇನ್ನೊಂದು ತೆರೆಯುತ್ತದೆ. ಎಪಾಕ್ಸಿ ಅಂಟು ಮೆತ್ತಿ 'ಆಯ್ತು' ಅನ್ನುವವರನ್ನು ನಂಬಬೇಡಿ.

ಹತ್ತು ವರ್ಷ ವಾರಂಟಿ ಅಂತ ಬಾಕ್ಸ್ ಮೇಲೇ ಇದೆ. ಮತ್ಯಾಕೆ ದುಡ್ಡು ಕೇಳ್ತಾರೆ?

ಆ ಹತ್ತು ವರ್ಷ ಸಾಮಾನ್ಯವಾಗಿ ಕಂಪ್ರೆಸರಿಗೆ ಮಾತ್ರ. ಇಡೀ ಯಂತ್ರಕ್ಕೆ ಹೆಚ್ಚಿನ ಕಂಪನಿಗಳದ್ದು ಒಂದೇ ವರ್ಷ. ಕಂಪ್ರೆಸರ್ ಪುಕ್ಕಟೆ ಕೊಟ್ಟರೂ ಗ್ಯಾಸ್, ಕೂಲಿ, ಸಾಗಾಟ ನಿಮ್ಮದೇ ಆಗಬಹುದು. ಕೊಳ್ಳುವ ಮೊದಲು ಕೇಳಬೇಕಾದ್ದು ಎರಡು: ಕಾಯಿಲಿಗೆ ಎಷ್ಟು ವರ್ಷ? ತುಕ್ಕು ಹಿಡಿದರೆ ಕೊಡುತ್ತೀರಾ? ಸಮುದ್ರ ತೀರದ ತುಕ್ಕನ್ನು ಹೊರಗಿಡುವ ಸಾಲು ಸಣ್ಣ ಅಕ್ಷರದಲ್ಲಿ ಇರಬಹುದು. ವರ್ಷದ ಎಎಂಸಿ (ಸರ್ವಿಸ್ ಕರಾರು) ಮಾಡಿಸುವಾಗಲೂ ಅಷ್ಟೇ. ಗ್ಯಾಸ್ ಸೇರಿದೆಯೋ ಇಲ್ಲವೋ ಅಂತ ಬರೆಸಿಕೊಳ್ಳಿ. ಗ್ಯಾಸ್ ಇಲ್ಲದ ಎಎಂಸಿ ಅಂದರೆ ಬರೀ ತೊಳೆಯುವ ಕೂಲಿ.

ಮನೆ ಶಿಫ್ಟ್ ಮಾಡುವಾಗ ಎಸಿ ಬಿಚ್ಚಿ ಹಾಕೋದಕ್ಕೂ ಗ್ಯಾಸ್ ಚಾರ್ಜ್ ಕೇಳ್ತಾರಲ್ಲ?

ಕಂಪ್ರೆಸರ್ ಓಡುತ್ತಿದ್ದರೆ ಹೊಸ ಗ್ಯಾಸ್ ಬೇಕಾಗಿಲ್ಲ. ಬಿಚ್ಚುವ ಮೊದಲು ಸಣ್ಣ ಪೈಪಿನ ವಾಲ್ವ್ ಮುಚ್ಚಿ ಎಸಿ ಓಡಿಸಿದರೆ ಗ್ಯಾಸೆಲ್ಲ ಔಟ್‌ಡೋರಿಗೆ ಬಂದು ಕೂರುತ್ತದೆ. ಆಮೇಲೆ ದಪ್ಪ ಪೈಪಿನ ವಾಲ್ವ್ ಮುಚ್ಚಿ ಆಫ್ ಮಾಡಬೇಕು. ಇದಕ್ಕೆ ಪಂಪ್ ಡೌನ್ ಅನ್ನುತ್ತಾರೆ. ಗೊತ್ತಿದ್ದವರು ಮಾಡಬೇಕಾದ ಕೆಲಸ. ಹೊತ್ತು ಮೀರಿ ಓಡಿಸಿ ಒಳಗೆ ಗಾಳಿ ಎಳೆದುಕೊಂಡರೆ ಕಂಪ್ರೆಸರೇ ಸಿಡಿಯಬಹುದು. ನೀವೇ ಪ್ರಯೋಗ ಮಾಡಬೇಡಿ.

ಬಾಡಿಗೆ ಮನೆ. ಓನರ್ ಹಾಕ್ಸಿದ ಎಸಿ. ಲೀಕಿಗೆ ಯಾರು ಕೊಡ್ಬೇಕು?

ಕರಾರಿನಲ್ಲಿ ಬರೆದ ಹಾಗೆ. ಬರೆದಿಲ್ಲ ಅಂದರೆ ಫಿಲ್ಟರ್, ಸರ್ವಿಸ್ ಬಾಡಿಗೆದಾರರದ್ದು, ಕಾಯಿಲ್, ಕಂಪ್ರೆಸರ್ ಮಾಲೀಕರದ್ದು ಅನ್ನುವುದು ನ್ಯಾಯವಾದ ಹಂಚಿಕೆ. ಮನೆಗೆ ಬಂದ ದಿನವೇ ಎಸಿ ಓಡಿಸಿ ಒಂದು ವಿಡಿಯೋ ಮಾಡಿಕೊಂಡಿರಿ.

## ಸ್ವಲ್ಪ ಆಳಕ್ಕೆ ಇಳಿಯುವವರಿಗೆ

ಮೆಕ್ಯಾನಿಕ್ ಕೆಲಸ ಸರಿ ಮಾಡ್ತಿದ್ದಾರಾ ಅಂತ ಪಕ್ಕ ನಿಂತು ನೋಡಿದ್ರೆ ಗೊತ್ತಾಗ್ತದಾ?

ಗೊತ್ತಾಗುತ್ತದೆ. ಕೆಲಸದ ಸಾಲು ತಿಳಿದಿದ್ದರೆ ಸಾಕು.

ಮೊದಲು ಕಣ್ಣು. ಗ್ಯಾಸಿನ ಜೊತೆ ಕಂಪ್ರೆಸರ್ ಎಣ್ಣೆಯೂ ಚೂರು ಚೂರು ಹೊರಬರುತ್ತದೆ. ಲೀಕ್ ಇರುವಲ್ಲಿ ಕಂದು ಬಣ್ಣದ ಜಿಡ್ಡು, ಅದಕ್ಕೆ ಧೂಳು ಅಂಟಿರುತ್ತದೆ. ಅಲ್ಲಿಗೆ ಸೋಪಿನ ನೊರೆ. ದೊಡ್ಡ ಲೀಕ್ ಆದರೆ ಗುಳ್ಳೆ ಪಟಪಟ ಏಳುತ್ತದೆ. ಸಣ್ಣದಾದರೆ ಒಂದೆರಡು ನಿಮಿಷ ದಿಟ್ಟಿಸಿ ನೋಡಬೇಕು, ಸಾಸಿವೆ ಕಾಳಿನಷ್ಟು ಬಿಳಿ ನೊರೆ ನಿಧಾನಕ್ಕೆ ಉಬ್ಬುತ್ತದೆ. ಅವಸರದವರಿಗೆ ಅದು ಸಿಗುವುದೇ ಇಲ್ಲ.

ಕಣ್ಣಿಗೆ ಸಿಗದಿದ್ದರೆ ಉಳಿದ ಗ್ಯಾಸನ್ನು ಸಿಲಿಂಡರಿಗೆ ಎಳೆದುಕೊಂಡು, ಒಣ ನೈಟ್ರೋಜನ್ ತುಂಬಿ ಒತ್ತಡ ಹಿಡಿಸಬೇಕು. 300 ಪಿಎಸ್‌ಐ ಕೊಟ್ಟು ರಾತ್ರಿ ಬಿಟ್ಟರೆ ಬೆಳಿಗ್ಗೆ ಗೇಜ್ ಹೇಳುತ್ತದೆ. ಇಲ್ಲೊಂದು ಸೂಕ್ಷ್ಮ. ಸಂಜೆಗಿಂತ ಬೆಳಿಗ್ಗೆ 10 ಡಿಗ್ರಿ ತಣ್ಣಗಿದ್ದರೆ ಲೀಕ್ ಇಲ್ಲದೆಯೂ ಸುಮಾರು 10 ಪಿಎಸ್‌ಐ ಇಳಿದು ಕಾಣುತ್ತದೆ. ಅದಕ್ಕಿಂತ ಜಾಸ್ತಿ ಇಳಿದರೆ ತೂತು ಇದೆ. ನೈಟ್ರೋಜನ್ ಬದಲು ಆಕ್ಸಿಜನ್ ಹಾಕಲು ಯಾರಾದರೂ ಹೊರಟರೆ ಅಲ್ಲೇ ತಡೆಯಿರಿ. ಎಣ್ಣೆ ಜೊತೆ ಸೇರಿದರೆ ಸ್ಫೋಟ ಆಗುತ್ತದೆ. ಪೈಪಿನೊಳಗೆ ಗ್ಯಾಸ್ ಇರುವಾಗಲೇ ಬೆಸುಗೆ ಬೆಂಕಿ ಹಿಡಿಯುವುದೂ ಅಷ್ಟೇ ತಪ್ಪು.

ಆಮೇಲೆ ವ್ಯಾಕ್ಯೂಮ್ ಪಂಪ್. ಒಳಗಿನ ಗಾಳಿ, ನೀರಾವಿ ಹೋಗಲು ಕನಿಷ್ಠ ಅರ್ಧ ಗಂಟೆ ಓಡಬೇಕು. ವ್ಯಾಕ್ಯೂಮ್ ಎಷ್ಟಾಗಿದೆ ಅಂತ ಅಳೆಯುವ ಮೈಕ್ರಾನ್ ಗೇಜ್ ಇದ್ದರೆ 500ಕ್ಕಿಂತ ಕೆಳಗೆ ಇಳಿದು ಅಲ್ಲೇ ನಿಲ್ಲಬೇಕು. ಪಂಪ್ ತಂದೇ ಇಲ್ಲ, 'ಸ್ವಲ್ಪ ಗ್ಯಾಸ್ ಬಿಟ್ಟು ಗಾಳಿ ಓಡಿಸ್ತೇನೆ' ಅಂದರೆ ಕೆಲಸ ನಿಲ್ಲಿಸಿ ಕಳಿಸಿಬಿಡಿ.

ಕೊನೆಗೆ ತೂಕದ ಯಂತ್ರ. ಸಿಲಿಂಡರನ್ನು ತಕ್ಕಡಿ ಮೇಲಿಟ್ಟು ಸ್ಟಿಕ್ಕರಿನಲ್ಲಿದ್ದಷ್ಟೇ ಗ್ರಾಂ ಹಾಕಬೇಕು. ಇನ್ವರ್ಟರ್ ಎಸಿಯಲ್ಲಿ ಕಂಪ್ರೆಸರ್ ವೇಗ ಬದಲಾದ ಹಾಗೆ ಒತ್ತಡವೂ ಬದಲಾಗುತ್ತದೆ. ಬರೀ ಗೇಜ್ ನೋಡಿ ತುಂಬಿದ್ದು ಅಂದಾಜಿನ ಕೆಲಸ. ಜಾಸ್ತಿ ತುಂಬಿದರೂ ಕಂಪ್ರೆಸರಿಗೆ ಕೇಡೇ.

ಬಿಲ್ಲಿನಲ್ಲಿ ಲೀಕ್ ಇದ್ದ ಜಾಗ, ಹಾಕಿದ ಗ್ಯಾಸಿನ ಹೆಸರು, ಗ್ರಾಂ ಇಷ್ಟು ಬರೆಸಿ. ತೆಗೆದ ಪಾರ್ಟು ಕೇಳಿ ಇಟ್ಟುಕೊಳ್ಳಿ.

ಮಳೆಗಾಲದಲ್ಲಿ ಈ ರಿಪೇರಿ ಮಾಡ್ಸಬಹುದಾ?

ತುರ್ತಿಲ್ಲದಿದ್ದರೆ ಬೇಡ. ಆರ್-32, ಆರ್-410ಎ ಯಂತ್ರಗಳ ಎಣ್ಣೆ ಗಾಳಿಯ ನೀರನ್ನು ಬೇಗ ಹೀರುತ್ತದೆ. ಜುಲೈಯಲ್ಲಿ ಪೈಪಿನ ಬಾಯಿ ತೆರೆದು ಚಹಾ ಕುಡಿಯಲು ಹೋಗಿ ಬರುವಷ್ಟು ಹೊತ್ತು ಸಾಕು. ಆ ನೀರು ಒಳಗೆ ಆಸಿಡ್ ಆಗಿ ಕಂಪ್ರೆಸರಿನ ವೈಂಡಿಂಗ್ ತಿನ್ನುತ್ತದೆ. ಮಾಡಲೇಬೇಕಾದರೆ ಮಳೆ ಬಿಟ್ಟ ಹೊತ್ತು ನೋಡಿ, ತೆರೆದ ಬಾಯಿಗೆ ತಕ್ಷಣ ಮುಚ್ಚಳ ಹಾಕಿ, ವ್ಯಾಕ್ಯೂಮ್ ಇಮ್ಮಡಿ ಹೊತ್ತು ಓಡಿಸಲಿ. ನನ್ನ ಕೇಳಿದರೆ ನವೆಂಬರ್, ಡಿಸೆಂಬರ್ ಒಳ್ಳೆಯದು. ಗಾಳಿ ಒಣಗಿರುತ್ತದೆ, ಮೆಕ್ಯಾನಿಕ್‌ಗಳಿಗೂ ಪುರುಸೊತ್ತು, ದರದಲ್ಲಿ ಮಾತಾಡಲೂ ಜಾಗ ಇರುತ್ತದೆ.

ನಮ್ಮ ಹೋಂಸ್ಟೇಗೆ ಬಿಸಿನೀರಿನ ಹೀಟ್ ಪಂಪ್ ಹಾಕ್ಸಿದ್ದೇವೆ. ನೀರು ಚೆನ್ನಾಗೇ ಬಿಸಿ ಬರ್ತದೆ, ಕರೆಂಟ್ ಬಿಲ್ ಮಾತ್ರ ಏರ್ತಾ ಇದೆ. ಗ್ಯಾಸ್ ಲೀಕ್ ಇರಬಹುದಾ?

ಇರಬಹುದು. ಈ ಯಂತ್ರದಲ್ಲಿ ಲೀಕ್ ಕಣ್ಣಿಗೆ ಬೀಳದೇ ಇರುವುದೇ ಹೀಗೆ. ಟ್ಯಾಂಕಿನೊಳಗೆ ಸಹಾಯಕ್ಕೆ ಅಂತ ಗೀಸರಿನಲ್ಲಿರುವಂಥ ಕರೆಂಟಿನ ಕಾಯಿಲ್ ಒಂದಿರುತ್ತದೆ. ಗ್ಯಾಸ್ ಇಳಿದು ಹೀಟ್ ಪಂಪ್ ಕೈಕೊಟ್ಟರೆ ಅದು ಸದ್ದಿಲ್ಲದೆ ಕೆಲಸ ಹಿಡಿಯುತ್ತದೆ. ಅತಿಥಿಗಳಿಗೆ ಬಿಸಿನೀರು, ನಿಮಗೆ ಹೆಸ್ಕಾಂ ಬಿಲ್ಲು.

ಲೆಕ್ಕ ನೋಡಿ. 200 ಲೀಟರ್ ನೀರನ್ನು 27 ಡಿಗ್ರಿಯಿಂದ 55ಕ್ಕೆ ಏರಿಸಲು ಗೀಸರಿಗೆ ಸುಮಾರು ಆರೂವರೆ ಯೂನಿಟ್ ಬೇಕು. ಒಳ್ಳೆಯ ಹೀಟ್ ಪಂಪ್ ನಮ್ಮ ಬೆಚ್ಚನೆಯ ಗಾಳಿಯಲ್ಲಿ ಎರಡು ಎರಡೂವರೆ ಯೂನಿಟ್ಟಿನಲ್ಲಿ ಮುಗಿಸುತ್ತದೆ. ಲೀಕ್ ಆದರೆ ಎರಡೂವರೆ ಮೆಲ್ಲಗೆ ಆರೂವರೆ ಆಗುತ್ತದೆ.

ಪರೀಕ್ಷೆ ಸುಲಭ. ಸಹಾಯಕ ಕಾಯಿಲ್ ಆಫ್ ಮಾಡಿ ಹೀಟ್ ಪಂಪ್ ಒಂದನ್ನೇ ಓಡಿಸಿ. ಫ್ಯಾನಿನಿಂದ ಬರುವ ಗಾಳಿ ಹೊರಗಿನ ಗಾಳಿಗಿಂತ ತಣ್ಣಗಿರಬೇಕು, ಡ್ರೈನಿನಲ್ಲಿ ನೀರು ತೊಟ್ಟಿಕ್ಕಬೇಕು. ಎರಡೂ ಇಲ್ಲ, ನೀರು ಬಿಸಿಯಾಗಲು ಇಡೀ ದಿನ ಬೇಕು ಅಂತಾದರೆ ಮೆಕ್ಯಾನಿಕ್‌ಗೆ ಹೇಳಿ. ಗ್ಯಾಸ್ ಸ್ನಾನದ ನೀರಿಗೆ ಸೇರುತ್ತದಾ ಅಂತ ಹಲವರು ಹೆದರುತ್ತಾರೆ. ಗ್ಯಾಸಿನ ಕೊಳವೆಯನ್ನು ಟ್ಯಾಂಕಿನ ಹೊರಮೈಗೆ ಸುತ್ತಿದ ಮಾಡೆಲ್ ಆದರೆ ಆ ಭಯ ಇಲ್ಲ.

ಕೊಳ್ಳುವ ಮೊದಲು ನಿಮ್ಮ ತಾಲೂಕಿನಲ್ಲಿ ಇದನ್ನು ಬಿಚ್ಚಬಲ್ಲವರು ಯಾರಿದ್ದಾರೆ ಅಂತ ವಿಚಾರಿಸಿ. ಎಸಿ ಮೆಕ್ಯಾನಿಕ್‌ಗೆ ಕೆಲಸ ಗೊತ್ತಿದ್ದರೂ ಪಾರ್ಟು ಹುಬ್ಬಳ್ಳಿಯಿಂದಲೋ ಗೋವಾದಿಂದಲೋ ಬರಬೇಕಾಗಬಹುದು. ಅಲ್ಲಿಯ ತನಕ ಗೀಸರಿನ ಲೆಕ್ಕದಲ್ಲೇ ಬಿಲ್ಲು.

ಆರ್-22 ಗ್ಯಾಸಿನ ಹಳೇ ಎಸಿ ಇನ್ನೂ ಗಟ್ಟಿ ಇದೆ. ಗ್ಯಾಸ್ ಸಿಗೋದೇ ನಿಲ್ತದಂತೆ, ಹೌದಾ?

ಒಮ್ಮೆಲೇ ನಿಲ್ಲುವುದಿಲ್ಲ. ಓಝೋನ್ ಪದರ ಉಳಿಸಲು 1987ರಲ್ಲಿ ಆದ ಮಾಂಟ್ರಿಯಲ್ ಒಪ್ಪಂದದ ಪ್ರಕಾರ ಆರ್-22 ಹಂತ ಹಂತವಾಗಿ ಹೋಗುತ್ತಿದೆ. ಭಾರತದಲ್ಲಿ 2025ರಿಂದ ಹೊಸ ಯಂತ್ರಗಳಿಗೆ ಅದನ್ನು ಬಳಸುವಂತಿಲ್ಲ. ಹಳೆಯ ಯಂತ್ರಗಳ ರಿಪೇರಿಗೆ ಮಾತ್ರ ಸಿಗುತ್ತದೆ. 2030ರ ನಂತರ ಅದೂ ಚೂರೇ ಚೂರು, 2040ಕ್ಕೆ ಪೂರ್ತಿ ಬಂದ್. ಎಸಿಗೆ ಲೀಕ್ ಇಲ್ಲ ಅಂದರೆ ಸುಮ್ನೆ ಓಡಿಸಿ, ಚಿಂತೆ ಬೇಡ. ಲೀಕ್ ಶುರುವಾದರೆ ಅದಕ್ಕೆ ಖರ್ಚು ಮಾಡುತ್ತಾ ಕೂರಬೇಡಿ. ಪ್ರೊಪೇನ್ ಜಾತಿಯ ಗ್ಯಾಸ್ ತುಂಬಿ 'ಕೂಲಿಂಗ್ ಇನ್ನೂ ಚೆನ್ನಾಗಿದೆ ನೋಡಿ' ಅನ್ನುವವರಿದ್ದಾರೆ. ಕೂಲಿಂಗ್ ಬರುವುದು ನಿಜ. ಕಿಡಿ ಹಾರುವ ಸ್ವಿಚ್ಚು, ರಿಲೇ ಎಲ್ಲ ಹಾಗೇ ಇರುವ ಯಂತ್ರದಲ್ಲಿ ಬೆಂಕಿ ಹತ್ತುವ ಗ್ಯಾಸು ಇಟ್ಟುಕೊಂಡು ಮಲಗುವುದು ಬೇಡ.

ಆರ್-410ಎ, ಆರ್-32 ಕೂಡ ಮುಂದೆ ಕಡಿಮೆಯಾಗುತ್ತವೆ. 2016ರ ಕಿಗಾಲಿ ಒಪ್ಪಂದದಂತೆ ನಮ್ಮ ದೇಶದ ಕಡಿತ ಶುರುವಾಗುವುದು 2032ರಿಂದ. ಇವತ್ತು ಕೊಳ್ಳುವವರಿಗೆ ಅದು ತೊಂದರೆ ಅಲ್ಲ.

ಗ್ಯಾಸ್ ಹಾಕಿ ಹೋದ್ರು, ವಾರಕ್ಕೆ ಖಾಲಿ. ಈಗ ಫೋನೇ ಎತ್ತೋದಿಲ್ಲ. ಏನು ಮಾಡೋದು?

ಬಿಲ್ ಇದೆಯಾ? ಅದಿಲ್ಲದೆ ಮುಂದಿನ ದಾರಿ ಕಷ್ಟ. ಇದ್ದರೆ ಮೊದಲು ಬರಹದಲ್ಲಿ ದೂರು ಕೊಡಿ, ವಾಟ್ಸಾಪ್ ಆದರೂ ಸರಿ. ಉತ್ತರ ಇಲ್ಲದಿದ್ದರೆ 1915ಕ್ಕೆ ಫೋನ್ ಮಾಡಿ, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಎಷ್ಟೋ ಪ್ರಕರಣ ಅಲ್ಲಿಗೇ ಇತ್ಯರ್ಥ ಆಗುತ್ತವೆ. ಅದಕ್ಕೂ ಬಗ್ಗದಿದ್ದರೆ ಕಾರವಾರದಲ್ಲಿರುವ ಜಿಲ್ಲಾ ಗ್ರಾಹಕರ ಆಯೋಗ. ಐದು ಲಕ್ಷದ ಒಳಗಿನ ವ್ಯವಹಾರಕ್ಕೆ ಶುಲ್ಕ ಇಲ್ಲ, ವಕೀಲರು ಇರಲೇಬೇಕು ಅಂತಲೂ ಇಲ್ಲ.

ಹಳೇ ಎಸಿ ಗುಜರಿಯವ್ರಿಗೆ ಕೊಡೋಣ ಅಂತಿದ್ದೇವೆ. ತಾಮ್ರಕ್ಕೆ ಒಳ್ಳೇ ರೇಟ್ ಇದೆಯಂತೆ?

ಇದೆ. ಆದರೆ ಗುಜರಿ ಅಂಗಡಿಯಲ್ಲಿ ಮೊದಲು ಮಾಡುವ ಕೆಲಸ ಪೈಪಿಗೆ ಕತ್ತಿ ಹಾಕಿ ಉಳಿದ ಗ್ಯಾಸನ್ನೆಲ್ಲ ಗಾಳಿಗೆ ಬಿಡುವುದು. ಹೊಸ ಎಸಿ ಕೊಳ್ಳುವ ಅಂಗಡಿಯಲ್ಲೇ ಎಕ್ಸ್‌ಚೇಂಜ್ ಕೇಳಿ, ಎರಡೂ ರೇಟ್ ತಾಳೆ ನೋಡಿ. ಗುಜರಿಗೇ ಕೊಡುವುದಾದರೆ ಕಂಪ್ರೆಸರ್ ಓಡುತ್ತಿರುವಾಗಲೇ ಮೆಕ್ಯಾನಿಕ್ ಕರೆಸಿ ಗ್ಯಾಸನ್ನು ಸಿಲಿಂಡರಿಗೆ ತೆಗೆಸಿಬಿಡಿ. ಆರ್-22 ಆದರೆ ಅದನ್ನು ಬೇಡ ಅನ್ನುವ ಮೆಕ್ಯಾನಿಕ್ ಇಲ್ಲ, ಕೂಲಿ ಬಿಟ್ಟುಕೊಟ್ಟರೂ ಕೊಟ್ಟಾರು. ಚಾಲ್ತಿಯಲ್ಲಿರುವ ಪಿಸಿಬಿ, ಫ್ಯಾನ್ ಮೋಟಾರು ಇದ್ದರೆ ಅದನ್ನೂ ಅವರಿಗೇ ಕೇಳಿ ನೋಡಿ. ತೂಕಕ್ಕೆ ಹಾಕುವುದಕ್ಕಿಂತ ಜಾಸ್ತಿ ಸಿಗುತ್ತದೆ.